ಬಾಂಬ್ ಇಲ್ಲದ ಯುದ್ಧಚಿತ್ರ: ಚಿತ್ತಪ್ರಸಾದರನ್ನು ಓದುವ ಬಗೆ

ಮುಂಬೈಯ ಮಾಟುಂಗದಲ್ಲಿ ಭಾನುವಾರ ಸೇರುವ ನಮ್ಮ ಚಿತ್ರಕಲೆ ಓದುವ ಗೆಳೆಯರಿಗಾಗಿ, ಬಂಗಾಳದ ಚಿತ್ರಕಾರ ಚಿತ್ತಪ್ರಸಾದರ ಬಗ್ಗೆ ಈ ಟಿಪ್ಪಣಿ.

ಯುದ್ಧದ ಪೋಸ್ಟರ್ ಎಂದರೆ ಮೊದಲು ನೆನಪಾಗುವುದು ಬೆರಳು ತೋರಿಸುವ ಮುಖ. 1914ರಲ್ಲಿ ಆಲ್ಫ್ರೆಡ್ ಲೀಟ್ ಬರೆದ ಬ್ರಿಟನ್ನಿನ ಯುದ್ಧಮಂತ್ರಿ ಕಿಚನರ್, 1917ರ ಅಂಕಲ್ ಸ್ಯಾಮ್ ಎಂಬ, ಅಮೆರಿಕದ ಸಂಕೇತವಾದ ಮುದುಕ. ಎರಡರ ಕೆಲಸವೂ ಒಂದೇ, ಜನರನ್ನು ಸೈನ್ಯಕ್ಕೆ ಕರೆಯುವುದು. ಇವುಗಳ ಬಗ್ಗೆ ಇಷ್ಟು ಗೊತ್ತಿದ್ದರೆ ಸದ್ಯಕ್ಕೆ ಸಾಕು.

ಜರ್ಮನಿಯ ಚಿತ್ರಕಲಾವಿದೆ ಕೇಟೆ ಕೋಲ್ವಿಟ್ಸ್ ಅವರ ಮಗ ಪೀಟರ್ 1914ರಲ್ಲೇ ಯುದ್ಧದಲ್ಲಿ ಸತ್ತ. ಹತ್ತು ವರ್ಷದ ನಂತರ ಅವರು 'ಇನ್ನೆಂದೂ ಯುದ್ಧ ಬೇಡ' ಎಂಬ ಪೋಸ್ಟರ್ ಮಾಡಿದರು. ಅಲ್ಲಿಯೂ ಒಂದು ಕೈ ಇದೆ. ಆದರೆ ಅದು ನಮ್ಮತ್ತ ಚಾಚಿಲ್ಲ, ಆಣೆ ಇಡುವಂತೆ ಮೇಲಕ್ಕೆ ಎದ್ದಿದೆ. ಬರೀ ಕೈಯ ದಿಕ್ಕು ಬದಲಾದರೆ ಅರ್ಥ ಎಷ್ಟು ಬದಲಾಗುತ್ತದೆ ನೋಡಿ.

ನನಗೆ ಎಲ್ಲರಿಗಿಂತ ಹತ್ತಿರದವರು ಚಿತ್ತಪ್ರಸಾದ್. ನಾವು ಲೋಕಲ್‌ನಲ್ಲಿ ದಾಟಿಹೋಗುವ ಅಂಧೇರಿಯಲ್ಲೇ ಅವರು ವರ್ಷಗಟ್ಟಲೆ ಇದ್ದರು. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಬರ್ಮಾ ಜಪಾನಿನ ವಶವಾಯಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರುವಿಗೆ ಸಿಗಬಾರದೆಂದು ಬ್ರಿಟಿಷರು ಬಂಗಾಳದ ಕರಾವಳಿಯ ದೋಣಿಗಳನ್ನೂ ಕಿತ್ತುಕೊಂಡರು. ಅಕ್ಕಿಯ ಬೆಲೆ ಬಡವರ ಕೈಗೆ ಸಿಗದಷ್ಟು ಏರಿತು. 1943ರ ಆ ಬರಗಾಲದಲ್ಲಿ ಸುಮಾರು 30 ಲಕ್ಷ ಜನ ಸತ್ತರು ಎಂಬ ಅಂದಾಜಿದೆ. ಆ ನವೆಂಬರಿನಲ್ಲಿ ಚಿತ್ತಪ್ರಸಾದ್ ಬಂಗಾಳದ ಮಿಡ್ನಾಪುರ ಜಿಲ್ಲೆ ಸುತ್ತಿ, ಶಾಯಿಯಲ್ಲಿ ಚಿತ್ರ ಬರೆದರು. ಎಷ್ಟೋ ಚಿತ್ರಗಳ ಜೊತೆ ಆ ಮನುಷ್ಯರ ಹೆಸರು, ಊರೂ ಇದೆ. ಅವುಗಳಲ್ಲಿ ಬಂದೂಕಿಲ್ಲ, ಬಾಂಬ್ ಇಲ್ಲ. ಎದೆಗೂಡು, ಖಾಲಿ ಪಾತ್ರೆ, ಕೋಲಿನಂಥ ಕೈಕಾಲು ಇವೆ. ಆದರೂ ಇವು ಯುದ್ಧದ ಚಿತ್ರಗಳೇ, ಅಲ್ವಾ? ಮುಂಬೈಯಲ್ಲಿ ಪುಸ್ತಕವಾಗಿ ಬಂದ ಈ ಚಿತ್ರಗಳನ್ನು ಸರ್ಕಾರ ವಶಪಡಿಸಿಕೊಂಡು ಸುಟ್ಟುಹಾಕಿತು. ಸಪೂರ ಗೆರೆಗಳಿಗೆ ಅಷ್ಟು ಹೆದರಿದ್ದರು!

ಮುಂದೆ ಅವರು ಲಿನೋಕಟ್ ಕಡೆಗೆ, ಅಂದರೆ ಲಿನೋಲಿಯಂ ಹಾಳೆಯಲ್ಲಿ ಚಿತ್ರ ಕೆತ್ತಿ ಅಚ್ಚು ತೆಗೆಯುವ ಕಡೆಗೆ ಹೊರಳಿದರು. ಲಿನೋಗೆ ದೊಡ್ಡ ಯಂತ್ರ ಬೇಡ. ಶಾಯಿ ಹಚ್ಚಿ, ಕಾಗದ ಇಟ್ಟು, ಚಮಚದ ಬೆನ್ನಿನಿಂದ ಉಜ್ಜಿದರೂ ಅಚ್ಚು ಬರುತ್ತದೆ. ಕೈಯಲ್ಲಿ ದುಡ್ಡಿಲ್ಲದವರೂ ನೂರಾರು ಪ್ರತಿ ತೆಗೆಯಬಹುದು. ಪ್ರತಿಭಟನೆಯ ಚಿತ್ರಗಳಲ್ಲಿ ಕಪ್ಪು-ಬಿಳುಪು ಜಾಸ್ತಿ ಇರುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ನಂಬಿಕೆ.

ನೀವು ಕನ್ನಡದಲ್ಲಿ ಪೋಸ್ಟರ್ ಕೆತ್ತುವಾಗ ಅಕ್ಷರಗಳನ್ನು ಕನ್ನಡಿಯಲ್ಲಿ ಕಾಣುವಂತೆ ಉಲ್ಟಾ ಕೆತ್ತಬೇಕು. ಟ್ರೇಸಿಂಗ್ ಪೇಪರ್ ಮಗುಚಿ ಇಟ್ಟು ಗೆರೆ ಇಳಿಸಿಕೊಳ್ಳಿ. ಒತ್ತಕ್ಷರದ ಸಣ್ಣ ಸಂದುಗಳಲ್ಲಿ ಶಾಯಿ ಕಟ್ಟಿಕೊಳ್ಳುತ್ತದೆ, 'ಯುದ್ಧ' ಎಂದು ಕೆತ್ತಿದರೆ ಗೊತ್ತಾಗುತ್ತದೆ. ಅದಕ್ಕೇ ಅಕ್ಷರ ದೊಡ್ಡದಿರಲಿ, ಮಾತು ಕಡಿಮೆ ಇರಲಿ. ಲಿನೋ ಗಟ್ಟಿಯಾಗಿದ್ದರೆ ಸ್ವಲ್ಪ ಹೊತ್ತು ಬಿಸಿಲಿಗಿಡಿ, ಮೆತ್ತಗಾಗುತ್ತದೆ.