ನೋವೇ ಇಲ್ಲ, ಮತ್ಯಾಕೆ ತಪಾಸಣೆ?

ಗ್ರಹಣ ಬಂತೆಂದರೆ ನಮ್ಮ ಕಡೆ ಬಸುರಿಯರನ್ನು ಹೊರಗೆ ಬಿಡೋದಿಲ್ಲ. ಕತ್ತರಿ ಮುಟ್ಟಬಾರದು, ತರಕಾರಿ ಹೆಚ್ಚಬಾರದು. ಅದೇ ಮನೆಯಲ್ಲಿ ಬಿಪಿ ತೋರಿಸಲು ಹೊರಟರೆ, ‘ಆರಾಮಾಗೇ ಇದ್ದೀಯಲ್ಲ, ಸುಮ್ನೆ ಯಾಕೆ?’ ಅನ್ನುತ್ತಾರೆ. ಚಂದ್ರನ ಮೇಲೆ ಬಿದ್ದ ನೆರಳಿಗೆ ಅಷ್ಟು ಹೆದರಿಕೆ, ಮೈಯೊಳಗಿನ ಒತ್ತಡಕ್ಕೆ ಇಲ್ಲ!

ಬೇರೆ ಕಾರಣಗಳೂ ಇವೆ ಅನ್ನಿ. ಜೋಯಿಡಾದ ಒಳಹಳ್ಳಿಗಳಲ್ಲಿ ಮಳೆಗಾಲದ ಹಳ್ಳ ದಾಟಬೇಕು. ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಇಲ್ಲ. ಗಂಡ ಬೋಟಿಗೆ ಹೋಗಿದ್ದರೆ ಜೊತೆಗೆ ಬರೋರಿಲ್ಲ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ತಪಾಸಣೆ 2016ರಿಂದಲೂ ಇದೆ. ಆದರೆ ಆಸ್ಪತ್ರೆ ಪಕ್ಕದಲ್ಲೇ ಇದ್ದರೂ ಹೋಗದವರಿದ್ದಾರಲ್ಲ, ಅವರದ್ದು ಒಂದೇ ಮಾತು: ನೋವಿಲ್ಲ.

ನೋವಿರೋದಿಲ್ಲ, ಅದೇ ತೊಂದರೆ. ಗರ್ಭಕೋಶಕ್ಕೆ ರಕ್ತ ತರುವ ನಾಳಗಳು ದೇವಿಮನೆ ಘಟ್ಟದ ದಾರಿಯ ಹಾಗೆ, ಸುರುಳಿ ಸುರುಳಿ, ಇಕ್ಕಟ್ಟು. ಬಸುರಿನ ಮೊದಲ ಅರ್ಧದಲ್ಲಿ ಮಾಸಿನ (ಪ್ಲಾಸೆಂಟಾ) ಜೀವಕೋಶಗಳು ಅಲ್ಲಿಗೆ ನುಗ್ಗಿ, ನಾಳದ ಗೋಡೆಯ ಸ್ನಾಯುವನ್ನೇ ಕಿತ್ತು, ದಾರಿ ಅಗಲ ಮಾಡುತ್ತವೆ. ನಲ್ಲಿಯ ತಿರುಪು ಕಿತ್ತಿಟ್ಟಂತೆ: ಇನ್ನು ತಾಯಿಯ ಮೈ ಬಿಗಿದರೂ ಮಗುವಿನ ಪಾಲು ನಿಲ್ಲೋದಿಲ್ಲ. ತೋಟಕ್ಕೆ ಅಬ್ಬಿ ನೀರು ತರುವ ಸಪೂರ ದಂಬೆ ತೆಗೆದು ಅಗಲದ ಕಾಲುವೆ ತೋಡಿದಂತೆ ಅಂದರೂ ಸರಿ. ಕೆಲವರಲ್ಲಿ ಈ ಕೆಲಸ ಅರೆಬರೆಯಾಗುತ್ತದೆ. ಆಗ ರಕ್ತ ಸಾಲದ ಮಾಸು ತಾಯಿಯ ರಕ್ತಕ್ಕೆ ಕೆಲವು ಪ್ರೋಟೀನುಗಳನ್ನು ಬಿಡುತ್ತದೆ. ಅವು ಮೈಯ ನಾಳಗಳ ಒಳಪದರವನ್ನೇ ಕೆಡಿಸುತ್ತವೆ. ಬಿಪಿ 140/90 ದಾಟುತ್ತದೆ, ಮೂತ್ರದಲ್ಲಿ ಪ್ರೋಟೀನು ಕಾಣುತ್ತದೆ. ಇದೇ ಗರ್ಭನಂಜು. ಕಾಲು ಊದಿದರೆ ‘ಬಸುರಿಗೆ ಸಹಜ’ ಅನ್ನುತ್ತೇವೆ. ಎಷ್ಟೋ ಸಲ ಅದು ನಿಜವೂ ಹೌದು, ಹಾಗಾಗಿಯೇ ಮೋಸ ಹೋಗೋದು. ಮುಂದೆ ಫಿಟ್ಸ್ ಬಂದರೆ ‘ಗಾಳಿ ಸೋಕಿತು’ ಅಂತ ಯಂತ್ರ ಕಟ್ಟಿಸಲು ಓಡುವವರೂ ಇದ್ದರು.

ಆ ಫಿಟ್ಸಿಗೆ ‘ಎಕ್ಲಾಂಪ್ಸಿಯಾ’ ಅಂತ ಹೆಸರು. ಮಿಂಚು ಎಂಬರ್ಥದ ಗ್ರೀಕ್ ಮಾತಿನಿಂದ ಬಂದದ್ದು. ಮಿಂಚಿಗೆ ಮುನ್ಸೂಚನೆ ಇಲ್ಲ ಅಂದುಕೊಂಡಿದ್ದರು ಪಾಪ. 1896ರಲ್ಲಿ ಇಟಲಿಯ ರಿವಾ-ರೋಚಿ ತೋಳಿಗೆ ಸುತ್ತುವ ಪಟ್ಟಿಯ ಬಿಪಿ ಯಂತ್ರ ಮಾಡಿದ ಮೇಲೆ ಮೋಡ ಮೊದಲೇ ಕಾಣಿಸಿತು. 1929ರಲ್ಲಿ ಬ್ರಿಟನ್ ಸರ್ಕಾರ ತಪಾಸಣೆಗೆ ವೇಳಾಪಟ್ಟಿ ಹಾಕಿತು: 28 ವಾರದ ನಂತರ ಹದಿನೈದು ದಿನಕ್ಕೊಮ್ಮೆ, 36ರ ನಂತರ ವಾರಕ್ಕೊಮ್ಮೆ. ಕೊನೆಕೊನೆಗೆ ಜಾಸ್ತಿ, ಗಮನಿಸಿದಿರಾ? ನಂಜು ತಲೆ ಎತ್ತೋದು ಹೆಚ್ಚಾಗಿ ಆಗಲೇ.

ನಮ್ಮಲ್ಲಿ ಆ ಹೊತ್ತಿಗೆ ಏನಾಗುತ್ತದೆ? ಏಳನೇ ತಿಂಗಳಿಗೆ ಸೀಮಂತ, ಆಮೇಲೆ ತವರು. ಶಿರಸಿಯ ಸೊಸೆ ಅಂಕೋಲಾಕ್ಕೆ ಹೋಗುತ್ತಾಳೆ. ಬಳೆ, ಸೀರೆ, ಉಪ್ಪಿನಕಾಯಿ ಎಲ್ಲ ಚೀಲಕ್ಕೆ ಬಿದ್ದವು, ತಾಯಿ ಕಾರ್ಡ್ ಗಂಡನ ಮನೆಯ ಕಪಾಟಿನಲ್ಲೇ ಉಳಿಯಿತು. ಅದರಲ್ಲಿ 104/66 ಅಂತ ಬರೆದಿತ್ತು. ಇಲ್ಲಿ ಹೊಸ ನರ್ಸಮ್ಮ ನೋಡಿದಾಗ 134/86. 140/90 ದಾಟಿಲ್ಲವಲ್ಲ, ನಾರ್ಮಲ್ ಅಂತ ಬರೆದುಕೊಂಡರು. ಕಾರ್ಡ್ ಜೊತೆಗಿದ್ದಿದ್ದರೆ 104 ಇದ್ದದ್ದು 134ಕ್ಕೆ ಏರಿದ್ದು ಅವರ ಕಣ್ಣಿಗೆ ಬೀಳುತ್ತಿತ್ತು.