ಶ್ಯೂರಿಟಿ ಸಹಿ ಅಂದರೆ ಸಾಕ್ಷಿ ಸಹಿ ಅಲ್ಲ

"ಸಾರ್, ಸಾಲ ತಗೊಂಡಿದ್ದು ಅವನು. ನಾನು ಬರೀ ಸೈನ್ ಹಾಕಿದ್ದು. ಮೊದಲು ಅವನ ಹತ್ರ ವಸೂಲಿ ಮಾಡ್ಲಿ, ಆಮೇಲೆ ನನ್ನ ಕೇಳ್ಲಿ."

ನಾನು ಸಾಲ ವಸೂಲಿ ಕೇಸುಗಳನ್ನೇ ನೋಡುವ ವಕೀಲ. ಬೇರೆಯವರ ಸಾಲಕ್ಕೆ ಶ್ಯೂರಿಟಿ, ಅಂದರೆ ಜಾಮೀನು, ಹಾಕಿದವರಲ್ಲಿ ವಾರಕ್ಕೆ ಒಬ್ಬರಾದರೂ ನನ್ನ ಎದುರು ಕೂತು ಈ ಮಾತು ಹೇಳುತ್ತಾರೆ. ಓದಿದವರೂ ಹೇಳುತ್ತಾರೆ, ವ್ಯಾಪಾರದಲ್ಲಿ ಪಳಗಿದವರೂ ಹೇಳುತ್ತಾರೆ. ಬ್ಯಾಂಕಿನಲ್ಲೇ ಕೆಲಸ ಮಾಡಿ ನಿವೃತ್ತರಾದ ಒಬ್ಬರು ಬಂದು ಇದನ್ನೇ ಹೇಳಿದಾಗ ನನಗೆ ನಿಜವಾಗಲೂ ಬೇಸರವಾಯಿತು. ಹಾಗಾಗಿ ಇವತ್ತು ಬೇರೆ ಏನೂ ಬೇಡ, ಇದೊಂದನ್ನೇ ಬಿಡಿಸಿ ಹೇಳುತ್ತೇನೆ.

ಭಾರತೀಯ ಕರಾರು ಕಾಯ್ದೆ 1872ರದ್ದು. ಅದರ ಕಲಂ 128 ಹೇಳುವುದು ಇಷ್ಟು: ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಅರ್ಧ ಅಲ್ಲ. ಅವನು ಕೈಯೆತ್ತಿದ ಮೇಲೆ ಶುರುವಾಗುವ ಹೊಣೆಯೂ ಅಲ್ಲ. ಕಂತು ತಪ್ಪಿ, ಕರಾರಿನ ಪ್ರಕಾರ ಬ್ಯಾಂಕು ನಿಮ್ಮನ್ನು ಕೇಳಿತು ಅಂದರೆ ನೀವೂ ಕಟ್ಟಬೇಕು. ಮೊದಲು ಅವನ ಲೇತ್ ಮಷಿನ್ ಮಾರಲಿ, ಅವನ ಸೈಟು ಹರಾಜು ಹಾಕಲಿ, ಸಾಲದಿದ್ದರೆ ನನ್ನ ಹತ್ತಿರ ಬರಲಿ ಅನ್ನುವ ಸರದಿ ಕಾನೂನಿನಲ್ಲಿ ಇಲ್ಲವೇ ಇಲ್ಲ. ಸುಪ್ರೀಂ ಕೋರ್ಟ್ ಇದನ್ನು 1960ರ ದಶಕದಲ್ಲೇ ಹೇಳಿದೆ. ಸಾಲಗಾರನ ಹತ್ತಿರ ಎಲ್ಲ ದಾರಿ ಮುಗಿಯುವವರೆಗೂ ಕಾಯಿರಿ ಅಂತ ಬ್ಯಾಂಕಿಗೆ ಹೇಳುವುದಾದರೆ ಜಾಮೀನು ತಗೊಂಡು ಏನು ಪ್ರಯೋಜನ, ಅಲ್ವಾ? ಇನ್ನು ಮನೆ ಅಡ ಇಟ್ಟ ಸಾಲಗಳಿಗೆ 2002ರ ಸರ್ಫೇಸಿ ಕಾಯ್ದೆ ಇದೆ, ಕೋರ್ಟಿಗೆ ಹೋಗದೆಯೇ ಅಡ ಇಟ್ಟ ಆಸ್ತಿಯನ್ನು ಬ್ಯಾಂಕು ವಶಕ್ಕೆ ತಗೊಂಡು ಮಾರಲು ಬಿಡುವ ಕಾಯ್ದೆ. ಅದರಲ್ಲಿ 'ಸಾಲಗಾರ' ಅನ್ನುವ ಪದದ ಅರ್ಥದೊಳಗೇ ಜಾಮೀನುದಾರನನ್ನೂ ಸೇರಿಸಿದ್ದಾರೆ. ನೀವು ನಿಮ್ಮ ಮನೆ ಪತ್ರ ಕೊಟ್ಟಿದ್ದರೆ 60 ದಿನದೊಳಗೆ ಬಾಕಿ ಕಟ್ಟಿ ಅನ್ನುವ ನೋಟಿಸ್ ನಿಮಗೂ ಬರುತ್ತದೆ.

'ಸಾಲಗಾರ' ಅನ್ನುವ ಈ ಪದ ಒಬ್ಬ ಮೇಷ್ಟ್ರಿಗೆ ಎಷ್ಟು ನೋವು ಕೊಟ್ಟಿತು ಅಂದರೆ, ನನಗೆ ಇವತ್ತಿಗೂ ಅವರ ಮುಖ ನೆನಪಿದೆ. ಅಕ್ಕನ ಮಗನ ಸಾಲಕ್ಕೆ ಒಂದು ಸೊಸೈಟಿಯಲ್ಲಿ ಶ್ಯೂರಿಟಿ ಹಾಕಿದ್ದರು. ಹುಡುಗ ಆರೇಳು ಕಂತು ಕಟ್ಟಿ ನಿಲ್ಲಿಸಿದ. ಮೇಷ್ಟ್ರ ಸಂಬಳದಲ್ಲಿ ಕಡಿತ ಶುರುವಾಯಿತು. ಪ್ರತಿ ತಿಂಗಳು ಎಷ್ಟು ಹೋಯಿತು ಅಂತ ಒಂದು ಹಳೇ ಡೈರಿಯಲ್ಲಿ ನೀಟಾಗಿ ಬರೆದಿಟ್ಟಿದ್ದರು, ಹೆಂಡತಿಗೆ ಮಾತ್ರ ಹೇಳಿರಲಿಲ್ಲ. ದುಡ್ಡಿನ ಬಗ್ಗೆ ಅವರು ಜಾಸ್ತಿ ಮಾತಾಡಲಿಲ್ಲ. "ನನ್ನನ್ನ ಸಾಲಗಾರ ಅಂತ ಬರ್ದಿದಾರೆ ಸಾರ್" ಅಂತ ಕಾಗದ ಮುಂದೆ ತಳ್ಳಿ ಸುಮ್ಮನೆ ಕೂತರು. ನಾನು ಆ ಡೈರಿಯನ್ನು, ಸಂಬಳದ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ ಅಂದೆ. ಜಾಮೀನುದಾರ ನ್ಯಾಯವಾಗಿ ಕಟ್ಟಿದ ಹಣವನ್ನು ಸಾಲಗಾರನಿಂದ ವಾಪಸ್ ಕೇಳುವ ಹಕ್ಕು ಅದೇ ಕಾಯ್ದೆಯ ಕಲಂ 145ರಲ್ಲಿ ಇದೆ. ಅವರು ಕೇಸು ಹಾಕಲಿಲ್ಲ. ಅಕ್ಕ ಇನ್ನೂ ಇದ್ದಾರಲ್ಲ, ಅಂದರು.

ವ್ಯಾಪಾರದ ಸಾಲದಲ್ಲಿ ಇದು ಇನ್ನೂ ಗಂಭೀರ. ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಇರುತ್ತದೆ, ಮಿತಿಯೊಳಗೆ ಬೇಕಾದಾಗ ಸಾಲ ತೆಗೆಯುವ ಓವರ್‌ಡ್ರಾಫ್ಟ್ (ಓಡಿ) ಅಕೌಂಟ್ ಇರುತ್ತದೆ, ಡೈರೆಕ್ಟರುಗಳೆಲ್ಲ ವೈಯಕ್ತಿಕ ಜಾಮೀನು ಬರೆದುಕೊಟ್ಟಿರುತ್ತಾರೆ. ಆಮೇಲೆ ಒಬ್ಬರಿಗೊಬ್ಬರು ಸರಿಬರದೆ ಒಬ್ಬ ಹೊರಗೆ ಬರುತ್ತಾನೆ. ಷೇರು ಬರೆದುಕೊಡುತ್ತಾನೆ, ರಾಜೀನಾಮೆ ಕೊಡುತ್ತಾನೆ, ಆಡಿಟರ್ ಹತ್ತಿರ ಕಂಪನಿ ರಿಜಿಸ್ಟ್ರಾರ್ ಕಚೇರಿಗೆ (ಆರ್‌ಒಸಿ) ಫಾರ್ಮ್ ಹಾಕಿಸುತ್ತಾನೆ. ಬ್ಯಾಂಕಿಗೆ ಮಾತ್ರ ಒಂದು ಕಾಗದ ಬರೆಯುವುದಿಲ್ಲ. ನಾಲ್ಕು ವರ್ಷ ಬಿಟ್ಟು ನೋಟಿಸ್ ಬಂದಾಗ "ನಾನು ಕಂಪನೀಲೇ ಇಲ್ವಲ್ಲ" ಅನ್ನುತ್ತಾನೆ. ರಾಜೀನಾಮೆ ಕೊಟ್ಟಿದ್ದು ಕಂಪನಿಗೆ. ಜಾಮೀನು ಬರೆದುಕೊಟ್ಟಿದ್ದು ಬ್ಯಾಂಕಿಗೆ. ಒಂದು ಹೋದರೆ ಇನ್ನೊಂದು ತಾನಾಗೇ ಹೋಗುವುದಿಲ್ಲ. ಇಂಥ ಮುಂದುವರಿಯುವ ಜಾಮೀನನ್ನು ಮುಂದಿನ ವ್ಯವಹಾರಗಳ ಮಟ್ಟಿಗೆ ನೋಟಿಸ್ ಕೊಟ್ಟು ವಾಪಸ್ ತಗೊಳ್ಳಬಹುದು, ಕಲಂ 130 ಅದನ್ನು ಹೇಳುತ್ತದೆ. ಆದರೆ ಆ ದಿನದವರೆಗಿನ ಬಾಕಿ ನಿಮ್ಮ ತಲೆ ಮೇಲೇ ಇರುತ್ತದೆ. ಬ್ಯಾಂಕಿನ ಫಾರ್ಮುಗಳಲ್ಲಿ ಎಷ್ಟೋ ಹಕ್ಕುಗಳನ್ನು ನೀವೇ ಬಿಟ್ಟುಕೊಟ್ಟಿರುತ್ತೀರಿ ಕೂಡ, ಹಾಗಾಗಿ ಆ ಪತ್ರ ಓದದೆ ನಿಮ್ಮ ವಿಷಯದಲ್ಲಿ ಏನಾಗುತ್ತದೆ ಅಂತ ನಾನು ಹೇಳಲಾರೆ, ಬೇರೆ ಯಾರಾದರೂ ಓದದೆ ಹೇಳಿದರೆ ನಂಬಬೇಡಿ.

ಕಂಪನಿ ದಿವಾಳಿಯಾದರೆ ತಾವು ಪಾರು ಅಂದುಕೊಂಡವರೂ ಇದ್ದಾರೆ. 2019ರ ಡಿಸೆಂಬರ್ 1ರಿಂದ ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ಕೊಟ್ಟವರ ಮೇಲೂ ದಿವಾಳಿ ಸಂಹಿತೆಯಡಿ ಕ್ರಮ ತಗೊಳ್ಳಬಹುದು. 2021ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಕಂಪನಿಯನ್ನು ಬೇರೆಯವರು ಕೊಂಡು, ಅದರ ಸಾಲ ಹೇಗೆ ತೀರಿಸುವುದು ಅನ್ನುವ ಪರಿಹಾರ ಯೋಜನೆ ಒಪ್ಪಿಗೆಯಾದ ಮಾತ್ರಕ್ಕೆ ಜಾಮೀನುದಾರ ಬಿಡುಗಡೆ ಆಗುವುದಿಲ್ಲ ಅಂತಲೂ ಹೇಳಿತು. ಕಿಂಗ್‌ಫಿಷರ್ ಏರ್‌ಲೈನ್ಸ್ ನೆನಪಿರಬಹುದು. ಸಾಲ ಪಡೆದದ್ದು ಕಂಪನಿ, ವೈಯಕ್ತಿಕ ಜಾಮೀನು ವಿಜಯ್ ಮಲ್ಯ ಅವರದು. 2017ರ ಜನವರಿಯಲ್ಲಿ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 6,203 ಕೋಟಿ ರೂಪಾಯಿಯನ್ನು 11.5% ಬಡ್ಡಿ ಸಮೇತ ವಸೂಲಿ ಮಾಡಬಹುದು ಅಂತ ಆದೇಶ ಕೊಟ್ಟಿತು. ಪೇಪರಿನಲ್ಲಿ ಇದನ್ನು ಓದುವಾಗ ದೊಡ್ಡವರ ವಿಷಯ ಅನ್ನಿಸುತ್ತದೆ. ಆದರೆ ನಿಮ್ಮ ಭಾವನ ವರ್ಕ್‌ಶಾಪಿನ 8 ಲಕ್ಷದ ಸಾಲಕ್ಕೂ ಅದೇ ಕಲಂ 128.

ಶ್ಯೂರಿಟಿ ಹಾಕಲೇಬೇಡಿ ಅಂತ ನಾನು ಹೇಳುವುದಿಲ್ಲ. ನಮ್ಮಲ್ಲಿ ಎಷ್ಟೋ ಅಂಗಡಿ, ಎಷ್ಟೋ ಮಕ್ಕಳ ಓದು ಯಾರೋ ಒಬ್ಬ ಚಿಕ್ಕಪ್ಪನ ಸಹಿಯಿಂದ ನಿಂತಿವೆ. ಹಾಕುವುದಾದರೆ ಆ ಸಾಲ ನಿಮ್ಮದೇ ಅಂತ ತಿಳಿದು ಹಾಕಿ. ಸಾಲ ಕೆಟ್ಟರೆ ನಿಮ್ಮ ಸಿಬಿಲ್ ರಿಪೋರ್ಟಿನಲ್ಲೂ, ಅಂದರೆ ಬ್ಯಾಂಕುಗಳು ನೋಡುವ ನಿಮ್ಮ ಸಾಲದ ದಾಖಲೆಯಲ್ಲೂ, ಕಾಣುತ್ತದೆ. ಜಾಮೀನಿಗೆ ಒಂದು ಮೊತ್ತದ ಮಿತಿ ಬರೆಯಿರಿ ಅಂತ ಕೇಳಿ. ಒಪ್ಪದೆ ಇರಬಹುದು, ಆದರೂ ಕೇಳಿ.

ಹೋದ ತಿಂಗಳು ಒಬ್ಬರು ಹೆಂಗಸು ಸಹಿ ಹಾಕುವ ಮುಂಚೆಯೇ ಬಂದರು. ತಮ್ಮನ ಸಾಲಕ್ಕೆ ಜಾಮೀನು. ಫಾರ್ಮಿನಲ್ಲಿ ಮೊತ್ತದ ಜಾಗ ಖಾಲಿ ಇತ್ತು. ಇಬ್ಬರೂ ಕೂತು ಒಂದೊಂದು ಸಾಲೂ ಓದಿದೆವು, ಒಂದು ಗಂಟೆ ಮೇಲೇ ಆಯಿತು. "ಇದನ್ನ ತುಂಬದೆ ಸೈನ್ ಹಾಕಲ್ಲ ಅಂತ ಮ್ಯಾನೇಜರ್‌ಗೆ ಹೇಳ್ಬಹುದಾ ಸಾರ್?" ಅಂತ ಕೇಳಿದರು. ಹೇಳಬಹುದು ತಾಯಿ, ಅಂದೆ. ಆಮೇಲೆ ಸಹಿ ಹಾಕಿದರಾ ಇಲ್ಲವಾ ನನಗೆ ಗೊತ್ತಿಲ್ಲ. ಹೋಗುವಾಗ ಫಾರ್ಮಿನ ಎರಡು ಜೆರಾಕ್ಸ್ ಮಾಡಿಸಿಕೊಂಡರು, ಒಂದು ತಮಗೆ, ಒಂದು ತಮ್ಮನಿಗೆ ಓದಿಸಲಿಕ್ಕೆ.