ವಾರಕ್ಕ ಎರಡ ತಾಸು ಸಿಗ್ತೈತಿ, ಊರಿನ ಗಿಡಾ-ಕೆರಿಗೆ ಏನ್ ಮಾಡ್ಲಿ?

ಪ್ರಶ್ನೆ: ಅಕ್ಕಾರ, ನಾ ವಿಜಯಪುರದಾಗ ಇರ್ತೀನ್ರಿ. ಆಫೀಸ್ ಕೆಲ್ಸ, ರವಿವಾರ ಮುಂಜಾನೆ ಅಷ್ಟೇ ಖಾಲಿ. ನಮ್ಮ ಕಡೆ ಗಿಡಾ ಕಡಿಮಿ, ಏನರ ಮಾಡ್ಬೇಕು ಅನಸ್ತೈತಿ. ನಾಕ್ ಮಂದಿ ಗೆಳ್ಯಾರು ಸೇರಿ ಸಸಿ ಹಚ್ಚಿದ್ರ ಆಗ್ತೈತೇನ್ರಿ? ಎಲ್ಲಿಂದ ಶುರು ಮಾಡ್ಬೇಕು?

ಉತ್ತರ: ಮಳಿಗಾಲ ಬಂತಂದ್ರ ಭಾಳ ಮಂದಿ ಇದನ್ನ ಕೇಳ್ತಾರ್ರಿ, ಕೇಳೋರನ್ನ ನೋಡಿದ್ರ ನಂಗ ಖುಷಿನೂ ಆಗ್ತೈತಿ. ಆದ್ರ ಹೊಸಾ ಸಸಿ ಹಚ್ಚೋಕಿಂತ ಮೊದ್ಲ ನಿಮ್ಮ ಓಣಿ, ಸಾಲಿ, ಗುಡಿ ಸುತ್ತ ಹೋದ ವರ್ಷ ಹಚ್ಚಿದ್ದು ಎಷ್ಟು ಉಳದಾವ ಅಂತ ಒಂದ್ ರೌಂಡ್ ನೋಡ್ಕೊಂಡ್ ಬರ್ರಿ. ಹಚ್ಚಾಕ ಮಂದಿ ಸಿಗ್ತಾರ, ಫೋಟೋನೂ ಆಗ್ತೈತಿ, ಮಾರ್ಚ್ ತಿಂಗಳದಾಗ ಕೊಡ ಹಿಡ್ಕೊಂಡ್ ಬರೋರು ಇಲ್ಲ. ನಿಮ್ಮ ಎರಡ ತಾಸು ಅಲ್ಲಿಗೇ ಬೇಕಾಗೈತಿ.

ಯಾಕಂದ್ರ ನಮ್ಮ ಜಿಲ್ಲಾದಾಗ ಅರಣ್ಯ ಅಂತ ಇರೋದು ಶೇ 1ಕ್ಕೂ ಕಡಿಮಿ, ಮಳಿ ವರ್ಷಕ್ಕ 600 ಮಿಮೀ ಆಸುಪಾಸು, ಅದ್ರಾಗೂ ಜಾಸ್ತಿ ಬೀಳೋದು ಸಪ್ಟೆಂಬರ್‌ದಾಗ. ಜೂನ್ 5ಕ್ಕ ಪರಿಸರ ದಿನಾ ಅಂತ ಹಚ್ಚಿದ ಸಸಿ ಜುಲೈ-ಆಗಸ್ಟ್‌ದಾಗ ಮಳಿ ಕೈಕೊಟ್ರ ಅಲ್ಲೇ ಒಣಗ್ತೈತಿ, ಅದನ್ನ ದಾಟಿತು ಅಂದ್ರೂ ದೀಪಾವಳಿ ಆದ ಮ್ಯಾಲೆ ಮುಂದಿನ ಅಡ್ಡಮಳಿ ತನಕಾ ಹೆಚ್ಚು ಕಡಿಮಿ ಆರ್ ತಿಂಗಳ ಮ್ಯಾಲಿಂದ ನೀರಿಲ್ಲ. ಎರಿ ಮಣ್ಣಂತೂ ಬ್ಯಾಸಿಗ್ಯಾಗ ಕೈ ಹೋಗೋವಷ್ಟು ಬಿರುಕು ಬಿಡ್ತೈತಿ, ಎಳೀ ಬೇರು ಹರೀತಾವ, ಒಳಗಿನ ಹಸಿನೂ ಆ ಬಿರುಕಿನಾಗಿಂದನ ಆರಿ ಹೋಗ್ತೈತಿ. ಹಂಗಾಗಿ ಮೊದಲ ಎರಡು ಬ್ಯಾಸಿಗಿ ದಾಟಿಸೋದ ದೊಡ್ಡ ಕೆಲ್ಸ.

ಒಬ್ಬೊಬ್ರು ಹತ್ತತ್ತು ಸಸಿ ಹಂಚ್ಕೋರಿ. ದಿನಾ ಒಂದ್ ಚೊಂಬು ಮ್ಯಾಲೆ ಮ್ಯಾಲೆ ಹಾಕಿದ್ರ ಬೇರು ಕೆಳಗ ಇಳಿಯಂಗಿಲ್ಲ, ಅದಕ್ಕ ವಾರಕ್ಕೊಮ್ಮೆ ಒಂದಕ್ಕ 15 ಲೀಟರ್ ನಿಧಾನಕ ಇಂಗೋ ಹಂಗ ಹಾಕ್ರಿ. ಹತ್ತಕ್ಕ 150 ಲೀಟರ್, ಅಂದ್ರ ಒಂದು ಡ್ರಮ್ಮು ಸಾಕು. ಸಸಿ ಬುಡದ ಬಾಜೂಕ ಒಂದು ಮಣ್ಣಿನ ಗಡಗಿ ಕುತ್ತಿಗಿ ತನಕಾ ಹುಗದು ನೀರ್ ತುಂಬಿ ಮ್ಯಾಲೆ ಮುಚ್ಚಿಟ್ರಂತೂ ಇನ್ನೂ ಚಲೋ, ನೀರ ಜಿನುಗಿ ನೇರ ಬೇರಿಗೆ ಹೋಗ್ತೈತಿ. ಬುಡಕ್ಕ ಜೋಳದ ಕಣಿಕಿ ಚೂರು, ತೊಗರಿ ಹೊಟ್ಟು, ಒಣ ಎಲಿ ಏನ್ ಸಿಗ್ತೈತೋ ಅದನ್ನ ನಾಕ್ ಬಟ್ಟ ದಪ್ಪ ಹಾಸ್ರಿ, ಕಾಂಡಕ್ಕ ಮಾತ್ರ ತಾಗಿಸಬ್ಯಾಡ್ರಿ. ಮಧ್ಯಾಹ್ನ ಎಲಿ ಬಾಡಿದ್ರ ಗಾಬರಿ ಬ್ಯಾಡ, ಬಿಸಲಿಗೆ ಎಲ್ಲಾನೂ ಬಾಡ್ತಾವ. ಮುಂಜಾನೆ ಹೊತ್ತು ಹುಟ್ಟೋ ಮುಂಚೆ ನೋಡಿದಾಗೂ ಜೋತ್ ಬಿದ್ದಿದ್ರ ಆಗ ರವಿವಾರಕ್ಕ ಕಾಯಬ್ಯಾಡ್ರಿ, ಅವತ್ತ ನೀರ್ ಹಾಕ್ರಿ.

ಆಡಿನ ಕಾಟಕ್ಕ ಜಾಲಿ ಮುಳ್ಳು ಕಟ್ಟಿದ್ರ ಸಾಕ್ರಿ. ಕಬ್ಬಿಣದ ಗಾರ್ಡ್ ಇದ್ರ ಒಂದು ಮಾತು, ಗಿಡಾ ದಪ್ಪ ಆದ ಮ್ಯಾಲೆ ಅದನ್ನ ಯಾರೂ ತಗ್ಯಾಂಗಿಲ್ಲ, ಸಳಿ ತೊಗಟಿ ಒಳಗ ಹೊಕ್ಕು ಹುಲಗಲ (ಹೊಂಗೆ), ಬೇವು ಎಲ್ಲಾ ಉಸಿರುಗಟ್ಟಿ ನಿಂತಿರೋದು ಯಾವ ರಸ್ತಾದಾಗ ಬೇಕಾದ್ರೂ ಕಾಣ್ತೈತಿ. ನಗರಪಾಲಿಕೆಗೋ ಅರಣ್ಯ ಇಲಾಖೆಗೋ ಹೇಳಿ ಅದನ್ನ ಬಿಡಸ್ರಿ. ಕಾಂಡಕ್ಕ ಹೊಡದ ಮೊಳಿ, ಬೋರ್ಡಿನ ತಂತಿ ಕೀಳೋದು, ಬುಡದ ತನಕಾ ಹಾಕಿದ ಸಿಮೆಂಟು ಮೂರ್ ಫೂಟ್ ಬಿಡಸೋದು, ಇದೂ ಸಸಿ ಹಚ್ಚಿದಷ್ಟ ದೊಡ್ಡ ಸೇವೆ ಅಂತ ನಾ ತಿಳ್ಕೊಂಡೀನಿ. ಇಪ್ಪತ್ತ ವರ್ಷದ ಒಂದ್ ಬೇವಿನ ಗಿಡಾ ಉಳಿಸಿದ್ರ ಅದರ ನೆಳ್ಳು ನಾಳೇನ ಸಿಗ್ತೈತಿ.

ಇನ್ನ ಖಾಲಿ ಮಡ್ಡಿ, ಅಂದ್ರ ಬೋಳು ಗಟ್ಟಿ ನೆಲ, ಕಂಡಲ್ಲೆಲ್ಲಾ ಗಿಡಾ ಹಚ್ಚಬ್ಯಾಡ್ರಿ, ಇದನ್ನ ನಾ ಕೈಮುಗದು ಹೇಳ್ತೀನಿ. ನಮ್ಮ ಸೀಮಿ ಮೂಲದಾಗ ಹುಲ್ಲು, ಕುರುಚಲು ಸೀಮಿ. ತ್ವಾಳಾ, ನರಿ, ನೆಲದ ಮ್ಯಾಲೆ ಗೂಡು ಕಟ್ಟೋ ಹಕ್ಕಿ ಎಲ್ಲಾ ಆ ಬೋಳು ಜಾಗಾದಾಗನ ಬದಕ್ತಾವ. ಬಾಜೂಕ ಬಾಗಲಕೋಟಿ ಜಿಲ್ಲಾದ ಯಡಹಳ್ಳಿಯೊಳಗ ಚಿಂಕಾರ ಅನ್ನೋ ಸಣ್ಣ ಹುಲ್ಲೆಗಂತ ವನ್ಯಜೀವಿ ಧಾಮಾನ ಮಾಡ್ಯಾರ, ಅದೂ ಇಂಥಾ ಕುರುಚಲು ಕಾಡು, ಹುಲ್ಲಿನ ಜಾಗಾನ. ಅಂಥಲ್ಲಿ ಗುಂಡಿ ತೋಡಿ ಸಾಲಾಗಿ ಗಿಡಾ ಹಚ್ಚಿದ್ರ ಇದ್ದ ಜೀವದ ಮನಿ ಹೋಗ್ತೈತಿ. ಮಡ್ಡಿಗೆ ಏನರ ಮಾಡಬೇಕಂದ್ರ ಬ್ಯಾಸಿಗ್ಯಾಗ ಬೆಂಕಿ ಹತ್ತದಂಗ ನೋಡ್ಕೋರಿ, ಪ್ಲಾಸ್ಟಿಕ್ ಆರಸ್ರಿ, ಬಳ್ಳಾರಿ ಜಾಲಿ ಹಬ್ಬಾಕತ್ತಿದ್ರ ಸಣ್ಣ ಇದ್ದಾಗನ ಜಾಗಾದವರನ್ನ ಕೇಳಿ ಬೇರು ಸಮೇತ ಕೀಳ್ರಿ, ಮ್ಯಾಲೆ ಕಡದ್ರ ಅದು ನಾಕ್ ಟೊಂಗಿ ಆಗಿ ಎದ್ ಬರ್ತೈತಿ.

ಕೆರಿ, ಬಾವಡಿ ಬಗ್ಗೆ. ಆದಿಲ್‌ಶಾಹಿ ಕಾಲದಾಗ ತೊರವಿಯಿಂದ, ಬೇಗಂ ತಲಾಬದಿಂದ ಊರೊಳಗ ನೀರ್ ತಂದ ಊರು ನಮ್ದು, 1620ರ ತಾಜ್ ಬಾವಡಿ ಈಗೂ ಐತಿ, ಅದನ್ನ ನೋಡಿದ್ರ ಎದಿ ತುಂಬಿ ಬರ್ತೈತಿ. ಆದ್ರ ಹಳೇ ಬಾವಡಿಗೆ ತಾವ ಹಗ್ಗಾ ಕಟ್ಟಿ ಇಳೀಬ್ಯಾಡ್ರಿ. ಸ್ಮಾರಕ ಇದ್ರ ಪುರಾತತ್ವ ಇಲಾಖೆ ಪರ್ಮಿಶನ್ ಬೇಕು, ಅದಕ್ಕೂ ಹೆಚ್ಚಿಂದು, ಹಾಳು ಬಿದ್ದ ಬಾವಿ ತಳದಾಗ ವಿಷ ಗಾಳಿ ತುಂಬಿ ಹೂಳು ತಗ್ಯಾಕ ಇಳದವ್ರ ಜೀವಾನ ಹೋಗ್ತೈತಿ. ನೀವು ಮ್ಯಾಲೆ ನಿಂತು ಮಾಡೋ ಕೆಲ್ಸಾನ ಭಾಳ ಐತಿ: ಕಸಾ ಬೀಳದಂಗ ನೋಡೋದು, ನೀರ್ ಬರೋ ಕಾಲುವಿ ಮುಚ್ಚಿದ್ರ ಫೋಟೋ ಸಮೇತ ಅರ್ಜಿ ಕೊಡೋದು, ಗಣಪತಿ ಹಬ್ಬದಾಗ ಪಿಒಪಿ ಮೂರ್ತಿ ನೀರಿಗೆ ಬೀಳದಂಗ ಓಣ್ಯಾಗ ಮೊದ್ಲ ಮಾತಾಡಿ ಟ್ಯಾಂಕ್ ವ್ಯವಸ್ಥಾ ಮಾಡಿಸೋದು.

ಹೊರಗ ಹೋಗಾಕ ಆಗದವರಿಗೂ ಕೆಲ್ಸ ಐತ್ರಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿ, ನಗರಪಾಲಿಕೆ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಮಾಡ್ಬೇಕು, ಊರಿನ ಗಿಡಾ-ಬಳ್ಳಿ, ಹಕ್ಕಿ, ದನಾ, ಬೀಜಾ ಎಲ್ಲಾದ್ರದ್ದೂ ದಾಖಲಾತಿ ಇಡ್ಬೇಕು. ನಿಮ್ಮ ಹಳ್ಳಿ ಪಂಚಾಯ್ತಿಗೆ ಹೋಗಿ ಆ ಪುಸ್ತಕಾ ತೋರಸ್ರಿ ಅಂತ ಕೇಳ್ರಿ. ಹೆಸರಿಗಷ್ಟ ಇದ್ರ, ಊರಿನ ಹಿರ್ಯಾರ ಹತ್ರ ಕುಂತು ಯಾವ ಗಿಡಾ ಎಲ್ಲಿತ್ತು, ಯಾವ ಹುಲ್ಲು ದನಾ ತಿಂತಿದ್ವು, ಎಲ್ಲಾ ಬರ್ಕೊಂಡು ಅವರಿಗೆ ಕೊಡ್ರಿ.

ಕಡೀಗೆ ಒಂದು. ನಾಕ್ ಮಂದಿ ಅಂದ್ರಲ್ಲ, ಏಪ್ರಿಲ್-ಮೇ ಬಂತಂದ್ರ ಒಬ್ರ ಮನ್ಯಾಗ ಮದವಿ, ಒಬ್ರ ಊರಾಗ ಜಾತ್ರಿ, ಇನ್ನೊಬ್ರು ಮಕ್ಕಳ ಸೂಟಿ ಅಂತ ತವರಿಗೆ. ಸಸಿಗೆ ನೀರ್ ಬೇಕಾಗೋದೂ ಅದ ಎರಡ ತಿಂಗಳ. ಈಗನ ಇಬ್ಬಿಬ್ರ ಜೋಡಿ ಮಾಡ್ಕೊಂಡು ನೀ ಇಲ್ದಾಗ ನಾ, ನಾ ಇಲ್ದಾಗ ನೀ ಅಂತ ವಾಟ್ಸಾಪ್ ಗ್ರೂಪಿನಾಗ ತಾರೀಖ ಹಾಕ್ರಿ, ಸಸಿ ಬಾಜೂಕಿನ ಅಂಗಡಿಯವರ ನಂಬರೂ ತಗೊಂಡ್ ಇಟ್ಕೋರಿ.